ಬಿಕ್ಕಳಿಕೆಯ ಬೇರು ಹೊಟ್ಟೆಯಲ್ಲಿರಲಿಲ್ಲ

ಬಿಕ್ಕಳಿಸುವವನನ್ನು ಕಂಡರೆ ಯಾರಿಗೂ ಅಯ್ಯೋ ಅನ್ನಿಸುವುದಿಲ್ಲ. "ಯಾರೋ ನೆನೆಸ್ಕೊಂತಿದಾರೆ ಬಿಡ್ರಿ" ಎಂದು ನಕ್ಕು ಸುಮ್ಮನಾಗುತ್ತಾರೆ. ನನಗೆ ಅದು ಶುರುವಾಗಿದ್ದು ಮೆಕ್ಕೆಜೋಳದ ಸುಗ್ಗಿಯಲ್ಲಿ. ದಾವಣಗೆರೆ ಎಪಿಎಂಸಿಯ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ರೈತರಿಗೆ ತೂಕದ ಪಟ್ಟಿ ಓದಿ ಹೇಳುವಾಗ ನಡುನಡುವೆ ಬಿಕ್ಕಿ ನಿಲ್ಲುತ್ತಿದ್ದೆ, ಹಮಾಲರು ನಗುತ್ತಿದ್ದರು. ಒಂದೆರಡು ದಿನ ಬಿಡುವುದು, ಮತ್ತೆ ಹಿಡಿದರೆ ಹಗಲು ರಾತ್ರಿ ಬಿಡದಿರುವುದು. "ನಿದ್ದೆಯಾಗೂ ಬಿಕ್ಕಳಿಸ್ತೀರಿ ರೀ" ಎಂದು ಹೆಂಡತಿ ಹೇಳುತ್ತಿದ್ದಳು. ಆ ಮಾತಿಗೆ ಎಷ್ಟು ಬೆಲೆ ಇತ್ತು ಅನ್ನುವುದು ಬೆಂಗಳೂರಿನ ಡಾಕ್ಟರು ಅದನ್ನೇ ಕೇಳಿ ಬರೆದುಕೊಂಡಾಗ ತಿಳಿಯಿತು.

ನಮ್ಮೂರಿನಲ್ಲಿ ಹೊಟ್ಟೆಯ ಯಾವ ತಂಟೆಗೂ ಆರೋಪಿಗಳು ಸಿದ್ಧ ಇರುತ್ತಾರೆ: ಬೆಣ್ಣೆ ದೋಸೆ, ಮಿರ್ಚಿ, ಮಂಡಕ್ಕಿ. ಮೂರನ್ನೂ ಬಿಡಿಸಿದರು. ಜೀರಿಗೆ ನೀರು ಕುಡಿಸಿದರು, ಸಕ್ಕರೆ ನುಂಗಿಸಿದರು, ಉಸಿರು ಬಿಗಿಹಿಡಿಸಿದರು. ಅವ್ವ ದುಗ್ಗಮ್ಮನಿಗೆ ಹರಕೆ ಹೊತ್ತಳು. ಒಂದು ನರ್ಸಿಂಗ್ ಹೋಮಿನಲ್ಲಿ ಎಂಡೋಸ್ಕೋಪಿ ಮಾಡಿ, ಹೊಟ್ಟೆಯಲ್ಲಿ ಸಣ್ಣ ಉರಿಯೂತ ಇದೆ ಎಂದು ಗ್ಯಾಸ್ಟ್ರಿಕ್ ಮಾತ್ರೆ ಬರೆದರು. ಆ ಮಾತ್ರೆಯಲ್ಲೇ ತಿಂಗಳುಗಳು ಕಳೆದವು. ಇನ್ನೊಬ್ಬರು ಕ್ಲೋರ್‌ಪ್ರೊಮಜೀನ್ ಕೊಟ್ಟರು. ಅದು ಬಿಕ್ಕಳಿಕೆಗೆ ನಿಜಕ್ಕೂ ಕೊಡುವ ಔಷಧಿಯೇ, ಆದರೆ ನಾನು ಗಲ್ಲಾಪೆಟ್ಟಿಗೆಯ ಮೇಲೇ ತೂಕಡಿಸತೊಡಗಿದೆ. ಅಷ್ಟರಲ್ಲಿ ವಾಂತಿಯೂ ಸೇರಿಕೊಂಡಿತು. ವಾಕರಿಕೆಯೇನೂ ಇಲ್ಲದೆ, ಬೆಳಿಗ್ಗೆ ಎದ್ದ ಕೂಡಲೇ ಸುಮ್ಮನೆ ಎರಚಿ ಬರುವ ವಾಂತಿ. ಪ್ಯಾಂಟಿಗೆ ಬೆಲ್ಟಿನ ತೂತು ಸಾಲದಾಯಿತು.

ದಾರಿ ತಪ್ಪಿದ್ದ ಈ ಕೇಸನ್ನು ಸರಿದಾರಿಗೆ ತಂದವರು ಕಿವಿ ಮೂಗು ಗಂಟಲಿನ ಒಬ್ಬ ಡಾಕ್ಟರಮ್ಮ. ದನಿ ಒಡೆದುಹೋಗಿದೆ, ಕುಡಿದ ನೀರು ಮೂಗಿಗೆ ಬರುತ್ತದೆ ಎಂದು ಅವರ ಹತ್ತಿರ ಹೋಗಿದ್ದೆ. ಬಾಯಿ ತೆರೆಸಿ "ಆ ಅನ್ನಿ" ಎಂದರು. ಕಿರುನಾಲಿಗೆ ಒಂದು ಪಕ್ಕಕ್ಕೆ ಎಳೆದುಕೊಂಡಿತಂತೆ. ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರೆ ಧ್ವನಿತಂತುಗಳಲ್ಲಿ ಒಂದು ಅಲುಗುತ್ತಲೇ ಇರಲಿಲ್ಲ. "ಇದು ಗಂಟಲಿನ ತೊಂದರೆ ಅಲ್ಲಪ್ಪ, ಗಂಟಲಿಗೆ ಬರೋ ನರದ್ದು. ಅದು ಹುಟ್ಟೋ ಜಾಗ ನೋಡಬೇಕು" ಎಂದು ತಲೆಯ ಎಂಆರ್‌ಐಗೆ ಬರೆದುಕೊಟ್ಟರು. ಬಿಕ್ಕಳಿಕೆ 48 ಗಂಟೆ ದಾಟಿದರೇ ಕಾರಣ ಹುಡುಕಬೇಕು, ತಿಂಗಳು ದಾಟಿದ ಮೇಲೆ ಮಾತ್ರೆ ಬದಲಿಸುತ್ತ ಕೂರಬಾರದು ಎಂದೂ ಅವರೇ ಹೇಳಿದ್ದು.

ಎಂಆರ್‌ಐಯಲ್ಲಿ, ತಲೆ ಮುಗಿದು ಕುತ್ತಿಗೆ ಶುರುವಾಗುವ ಕಡೆ, ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟ ಮೇಲೆ ಒಂದು ಗಂಟು ಬಿಳಿಯಾಗಿ ಹೊಳೆಯುತ್ತಿತ್ತು. ಸುತ್ತ ಸಣ್ಣ ಕಪ್ಪು ಚುಕ್ಕೆಗಳು. ರಕ್ತ ರಭಸದಿಂದ ಹರಿಯುವ ನಾಳಗಳು ಹಾಗೆ ಕಾಣುತ್ತವಂತೆ. ಜಾಗದ ಹೆಸರು ಮೆಡುಲ್ಲಾ, ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಮಿದುಳು ಕಾಂಡದ ತೀರಾ ಕೆಳಗಿನ ತುಂಡು. ಕಾಂಡದಲ್ಲಿ ಮೂರು ಭಾಗ: ಮೇಲೆ ಮಿಡ್‌ಬ್ರೈನ್, ನಡುವೆ ಪಾನ್ಸ್, ಕೆಳಗೆ ಮೆಡುಲ್ಲಾ. ಕೈಕಾಲಿಗೆ ಹೋಗುವ, ಅಲ್ಲಿಂದ ಬರುವ ಎಲ್ಲ ತಂತುಗಳೂ ಆ ಕಿರಿದಾದ ಜಾಗದಲ್ಲೇ ನುಸುಳಿ ಹೋಗಬೇಕು. ಮೆಡುಲ್ಲಾದಲ್ಲಿ ಅದರ ಜೊತೆಗೆ ಉಸಿರಾಟ, ಹೃದಯದ ಬಡಿತ, ನುಂಗುವುದು, ದನಿ, ಎಲ್ಲದರ ಕೇಂದ್ರಗಳೂ ಒತ್ತೊತ್ತಾಗಿ ಕೂತಿವೆ. ಕೆಣಕಿದರೆ ವಾಂತಿ, ಬಿಕ್ಕಳಿಕೆ ಬರಿಸುವ ಒಂದು ಪುಟ್ಟ ಜಾಗವೂ ಅಲ್ಲೇ ಹಿಂಭಾಗದಲ್ಲಿದೆ, ಏರಿಯಾ ಪೋಸ್ಟ್ರೀಮಾ ಅನ್ನುತ್ತಾರೆ. ನನ್ನ ಗಡ್ಡೆ ಅದರ ಮೇಲೇ ಕೂತಿತ್ತು. ಪಾಪ, ಬೆಣ್ಣೆ ದೋಸೆಯದು ಏನೂ ತಪ್ಪಿರಲಿಲ್ಲ.

ಊರಿನ ನರ ಶಸ್ತ್ರವೈದ್ಯರು ಫಿಲ್ಮನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. "ಆಪರೇಷನ್ ಆಗುತ್ತೆ. ಆದರೆ ಮಾಡುವಾಗ ಒಂದೊಂದು ನರವನ್ನೂ ಮಿಷಿನ್ನಿನಲ್ಲಿ ಕೇಳಿಸಿಕೊಳ್ಳುತ್ತಿರಬೇಕು. ಆ ಸೌಕರ್ಯ, ಆ ಅಭ್ಯಾಸ ಎರಡೂ ಇರುವ ಕಡೆ ಹೋಗಿ" ಎಂದರು. ತಮ್ಮಿಂದ ಆಗದ್ದನ್ನು ಆಗದು ಎಂದು ಹೇಳುವ ಡಾಕ್ಟರ ಮೇಲೆ ನನಗೆ ಅವತ್ತಿನಿಂದ ವಿಶೇಷ ಗೌರವ. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚಿಗಟೇರಿ ಆಸ್ಪತ್ರೆಯಲ್ಲಿ ಚೀಟಿ ಬರೆಸಿಕೊಂಡು, ತಮ್ಮನ ಜೊತೆ ರಾತ್ರಿ ಬಸ್ಸು ಹತ್ತಿ ನಿಮ್ಹಾನ್ಸ್ ಸೇರಿದೆ.

ಅಲ್ಲಿ ಮೊದಲು ಆಂಜಿಯೋಗ್ರಾಂ ಆಯಿತು. ತೊಡೆಯ ಸಂದಿನಿಂದ ತೆಳುವಾದ ಕೊಳವೆ ಹಾಕಿ, ಕುತ್ತಿಗೆಯವರೆಗೂ ಏರಿಸಿ, ಬಣ್ಣ ಬಿಟ್ಟು ಚಿತ್ರ ತೆಗೆಯುತ್ತಾರೆ. ಗಡ್ಡೆಯ ಹೆಸರು ಹಿಮಾಂಜಿಯೋಬ್ಲಾಸ್ಟೋಮಾ ಇರಬೇಕು ಎಂದು ಆಗಲೇ ಬಹುಪಾಲು ಖಚಿತವಾಯಿತು. ಗ್ರೇಡ್ 1, ಅಂದರೆ ಕ್ಯಾನ್ಸರಿನಂತೆ ಹರಡುವುದಿಲ್ಲ. ಇಡಿಯಾಗಿ ತೆಗೆದರೆ ಅಲ್ಲಿಗೆ ಮುಗಿಯಿತು. ತೊಂದರೆ ಇರುವುದು ಅದರ ಮೈಯಲ್ಲಿ: ತುಂಬಾ ರಕ್ತನಾಳಗಳೇ. ಬೇರೆ ಗಡ್ಡೆಗಳನ್ನು ಒಳಗಿನಿಂದ ಚೂರುಚೂರಾಗಿ ಹೀರಿ ಚಿಕ್ಕದು ಮಾಡಿ ಹೊರತೆಗೆಯುತ್ತಾರೆ. ಇದಕ್ಕೆ ಕತ್ತರಿ ಹಾಕಿದರೆ ರಕ್ತ ನಿಲ್ಲಿಸುವುದು ಕಷ್ಟ. ಆದ್ದರಿಂದ ಸುತ್ತಲೂ ಬಿಡಿಸಿಕೊಂಡು, ರಕ್ತ ತರುವ ಸಣ್ಣ ನಾಳಗಳನ್ನು ಒಂದೊಂದಾಗಿ ಸುಟ್ಟು ಮುಚ್ಚಿ, ರಕ್ತ ಹೊರಗೊಯ್ಯುವ ದೊಡ್ಡ ನಾಳವನ್ನು ಕಟ್ಟಕಡೆಗೆ ಮುಚ್ಚಿ, ಗಡ್ಡೆಯನ್ನು ಇಡಿಯಾಗಿ ಎತ್ತಬೇಕು. ಡಾಕ್ಟರು ಇದನ್ನು ಹೇಳುತ್ತಿದ್ದಂತೆ ನನ್ನ ತಮ್ಮ ನಡುವೆ ಬಾಯಿ ಹಾಕಿದ. ಅವನದು ಭದ್ರಾ ನಾಲೆಯ ಕೊನೆಭಾಗದಲ್ಲಿ ಎರಡೆಕರೆ ಗದ್ದೆ. "ಸಾರ್, ಹೊರಗಾಲುವೆ ಮೊದಲು ಕಟ್ಟಿ ತೂಬು ಬಿಟ್ಟರೆ ಬದು ಒಡೀತದಲ್ಲ, ಹಂಗೇನು?" ಡಾಕ್ಟರು ಒಂದು ಕ್ಷಣ ಅವನನ್ನೇ ನೋಡಿ, "ಹಂಗೇ" ಎಂದರು. ಆಮೇಲೆ ರೌಂಡ್ಸಿಗೆ ಬಂದಾಗಲೆಲ್ಲ ಅವರು ನನಗಿಂತ ಅವನ ಜೊತೆ ಹೆಚ್ಚು ಮಾತಾಡುತ್ತಿದ್ದರು.

ರಕ್ತ ತರುವ ನಾಳಗಳನ್ನು ಆಪರೇಷನ್ನಿಗೆ ಮೊದಲೇ ಒಳಗಿನಿಂದ ಅಂಟು ತುಂಬಿ ಮುಚ್ಚಬಹುದಲ್ಲವೇ ಎಂದು ಕೇಳಿದೆ. ಕೆಲವೊಮ್ಮೆ ಮಾಡುತ್ತಾರಂತೆ. ನನ್ನ ಗಡ್ಡೆಗೆ ರಕ್ತ ಕೊಡುತ್ತಿದ್ದ ನಾಳದ ಕವಲುಗಳೇ ಮೆಡುಲ್ಲಾಕ್ಕೂ ರಕ್ತ ಕೊಡುತ್ತಿದ್ದವು. ಅಂಟು ಒಂದಿಷ್ಟು ಅತ್ತ ಜಾರಿದರೆ ಪಾರ್ಶ್ವವಾಯು. ಬೇಡ ಎಂದು ಬಿಟ್ಟರು.

ವಾರ್ಡಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ತಲೆಗಳು. ಎಲ್ಲರ ತಲೆಯಲ್ಲೂ ಹೊಲಿಗೆ, ಆದರೆ ಒಬ್ಬೊಬ್ಬರದು ಒಂದೊಂದು ಕಡೆ. ರಾಯಚೂರು ಕಡೆಯ ಲಾರಿ ಡ್ರೈವರೊಬ್ಬರಿಗೆ ಕಿವಿಯ ಹಿಂದೆ ಬಾಗಿದ ಗೆರೆ. ಫಿಸಿಯೋಥೆರಪಿಯ ಕೋಣೆಯಲ್ಲಿ ಸಿಗುತ್ತಿದ್ದ ಹೊಸದುರ್ಗದ ಒಬ್ಬ ಅಕ್ಕನಿಗೆ ತಲೆಯ ಹಿಂದೆ ಎತ್ತರದಲ್ಲಿ. ನನ್ನನ್ನೂ ಸೇರಿಸಿ ಮೂವರಿಗೂ ರೋಗ ಮಿದುಳು ಕಾಂಡದ್ದೇ. ಹಾಗಾದರೆ ಮೂರು ಬಾಗಿಲು ಯಾಕೆ? ಓದು ಮುಗಿಸುತ್ತಿದ್ದ ಒಬ್ಬ ಹುಡುಗ ಡಾಕ್ಟರು ರಾತ್ರಿ ಪಾಳಿಯಲ್ಲಿ ಪುರುಸೊತ್ತಾದಾಗ ಹಾಳೆಯ ಹಿಂಬದಿಯಲ್ಲಿ ಬರೆದು ತೋರಿಸಿದರು. ಕಾಂಡದ ಅಡ್ಡಸೀಳು ಬಿಡಿಸಿ, ಅದರೊಳಗೆ ಗಡ್ಡೆ ಬಿಡಿಸಿ, ಗಡ್ಡೆಯ ನಟ್ಟನಡುವೆ ಒಂದು ಚುಕ್ಕೆ ಇಟ್ಟರು. ಗಡ್ಡೆ ಕಾಂಡದ ಹೊರಮೈಗೆ ಎಲ್ಲಿ ಅತಿ ಹತ್ತಿರ ಬಂದಿದೆಯೋ ಅಲ್ಲಿ ಇನ್ನೊಂದು ಚುಕ್ಕೆ. ಎರಡನ್ನೂ ಸೇರಿಸಿ ಗೆರೆ ಎಳೆದು ತಲೆಬುರುಡೆಯವರೆಗೂ ಒಯ್ದರು. "ಗೆರೆ ಎಲ್ಲಿ ಹೊರಬಂತೋ ಅಲ್ಲಿ ಬಾಗಿಲು. ಇದು ಮೊದಲ ಲೆಕ್ಕ. ಇದಾದ ಮೇಲೆ ಆ ಗೆರೆಯ ದಾರಿಯಲ್ಲಿ ಯಾವ ನರ ಕೂತಿದೆ ನೋಡಿ ಅತ್ತಿತ್ತ ಸರಿಸುತ್ತೇವೆ."

ಡ್ರೈವರಣ್ಣನದು ಪಾನ್ಸಿನ ಪಕ್ಕಕ್ಕೆ ಒತ್ತಿ ಬಂದಿದ್ದ ಗಂಟು. ಹಿಂದಿನಿಂದ ಹೋಗಬಹುದಿತ್ತು, ಆದರೆ ಪಾನ್ಸಿನ ಹಿಂಬದಿಯಲ್ಲಿ, ನಾಲ್ಕನೇ ವೆಂಟ್ರಿಕಲ್ ಅನ್ನುವ ನೀರು ತುಂಬಿದ ಕೋಣೆಯ ತಳದಲ್ಲಿ, ನಡುಗೆರೆಯ ಎರಡೂ ಕಡೆ ಒಂದೊಂದು ಸಣ್ಣ ಉಬ್ಬು ಇರುತ್ತದೆ. ಅದರ ಕೆಳಗೆ ಕಣ್ಣನ್ನು ಹೊರಗಡೆಗೆ ತಿರುಗಿಸುವ ನರದ ಕೇಂದ್ರ, ಅದನ್ನು ಬಳಸಿಕೊಂಡು ಹೋಗುವ ಮುಖದ ನರ. ಅಲ್ಲಿ ಕೈ ಇಟ್ಟರೆ ಕಣ್ಣು ಮೆಳ್ಳೆ, ಮುಖ ಸೊಟ್ಟ, ಎರಡೂ ಒಟ್ಟಿಗೇ. ಆ ಉಬ್ಬಿನ ಮೇಲೊಂದು ಕೆಳಗೊಂದು ತುಸು ನಿರಾಳವಾದ ಜಾಗಗಳಿವೆ, ಅಲ್ಲಿಂದ ಇಳಿಯುವುದೂ ಉಂಟು. ಅವರಿಗೆ ಕಿವಿಯ ಹಿಂದಿನಿಂದ ಹೋಗಿ, ಮುಖಕ್ಕೆ ಸ್ಪರ್ಶ ಕೊಡುವ ನರಕ್ಕೂ ಮುಖ ಅಲುಗಿಸುವ ನರಕ್ಕೂ ನಡುವಿನ ಸಂದಿಯಲ್ಲಿ ಪಾನ್ಸನ್ನು ಸೀಳಿದ್ದರು. ಹೊಸದುರ್ಗದ ಅಕ್ಕನದು ಮಿಡ್‌ಬ್ರೈನಿನಲ್ಲಿ ಎರಡು ಸಲ ರಕ್ತ ಒಸರಿದ್ದ ಕ್ಯಾವರ್ನೋಮಾ. ಅದು ಗಡ್ಡೆಯಲ್ಲ, ರಕ್ತನಾಳಗಳ ಗಂಟು. ಆಕೆಯನ್ನು ಕೂರಿಸಿಕೊಂಡೇ ಆಪರೇಷನ್ ಮಾಡಿದ್ದರಂತೆ. ಕೂತಾಗ, ಕಾಂಡದ ಹಿಂದಿರುವ ಕಿರುಮಿದುಳು ತನ್ನ ಭಾರಕ್ಕೆ ತಾನೇ ಕೆಳಗಿಳಿದು ಮೇಲೆ ದಾರಿ ಬಿಡುತ್ತದೆ, ರಕ್ತವೂ ಕೆಳಗೆ ಹರಿದು ಜಾಗ ಸ್ವಚ್ಛ ಇರುತ್ತದೆ. ಅಪಾಯವೂ ಅದರಲ್ಲೇ ಇದೆ. ತೆರೆದ ನಾಳದಿಂದ ಗಾಳಿ ಒಳಹೊಕ್ಕು ಹೃದಯಕ್ಕೆ ಹೋಗಬಹುದು, ಅದಕ್ಕೇ ಎದೆಯ ಮೇಲೆ ಡಾಪ್ಲರ್ ಅನ್ನುವ ಯಂತ್ರ ಇಟ್ಟು ಸದ್ದು ಕೇಳುತ್ತಿರುತ್ತಾರೆ.

ಹಿರಿಯೂರು ಕಡೆಯ ಒಬ್ಬರು ಏಳು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನ ಕಣ್ಣು ಒಳಕ್ಕೆ ತಿರುಗಿತ್ತು, ನಡೆದರೆ ವಾಲುತ್ತಿದ್ದ. ಅವನ ತಲೆಯಲ್ಲಿದ್ದದ್ದು ಸೂಜಿ ಚುಚ್ಚಿದ ಗುರುತು ಮಾತ್ರ. "ನಿಮಗೆಲ್ಲ ಕೊಯ್ದು ತೆಗೀತಾರೆ, ನನ್ನ ಮಗನಿಗೆ ಯಾಕ್ ಮಾಡವಲ್ಲರು?" ಎಂದು ಕಾರಿಡಾರಿನಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದರು. ದುಡ್ಡಿಲ್ಲದ್ದಕ್ಕೆ ಹೀಗೆ ಎಂದು ಅವರ ಗುಮಾನಿ. ಕಾರಣ ದುಡ್ಡಲ್ಲ. ಅವನದು ಪಾನ್ಸಿನ ತುಂಬ ಹಬ್ಬಿದ ಗ್ಲಯೋಮಾ ಅನ್ನುವ ಗಡ್ಡೆ. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದು ಗ್ರೇಡ್ 4, ಅಂದರೆ ತೀರಾ ಕೆಟ್ಟ ಬಗೆ. ಅದಕ್ಕೆ ಅಂಚೇ ಇಲ್ಲ, ರೋಗದ ಕಣಗಳ ನಡುವೆಯೇ ಇನ್ನೂ ಕೆಲಸ ಮಾಡುತ್ತಿರುವ ನರತಂತುಗಳು ಹಾದುಹೋಗಿರುತ್ತವೆ. ತೆಗೆಯಲು ಹೋದರೆ ಪಾನ್ಸನ್ನೇ ತೆಗೆದಂತೆ. ಸೂಜಿಯಿಂದ ಚೂರು ತೆಗೆದು ಪರೀಕ್ಷೆ ಮಾಡಿ, ಸುಮಾರು ಆರು ವಾರ ರೇಡಿಯೇಷನ್ ಕೊಡುತ್ತಾರೆ. ಅದರಿಂದ ಸ್ವಲ್ಪ ಕಾಲ ಚೇತರಿಕೆ ಸಿಗುತ್ತದೆ. ಬಹುಪಾಲು ಮಕ್ಕಳು ಎರಡು ವರ್ಷ ದಾಟುವುದಿಲ್ಲ. ಆ ತಂದೆಗೆ ಇದನ್ನು ಹೇಳಬೇಕಾದವರು ಡಾಕ್ಟರು, ನಾನಲ್ಲ. ನಾನು ಕ್ಯಾಂಟೀನಿಗೆ ಕರೆದೊಯ್ದು ಟೀ ಕುಡಿಸಿದೆ, ಅವರು ಬೆಳೆ ಬಗ್ಗೆ ಮಾತಾಡಿದರು.

ಒಂದು ಕಾಲಕ್ಕೆ ಕಾಂಡದ ಎಲ್ಲ ಗಡ್ಡೆಗಳಿಗೂ ಆ ಹುಡುಗನಿಗೆ ಹೇಳಿದ್ದನ್ನೇ ಹೇಳುತ್ತಿದ್ದರಂತೆ. 1960ರ ದಶಕದವರೆಗೂ ಅಲ್ಲಿ ಚಾಕು ತಾಗಿಸುವ ಮಾತೇ ಇರಲಿಲ್ಲ. 1980ರ ದಶಕದಲ್ಲಿ ಎಂಆರ್‌ಐ ಬಂದು ಅಂಚಿರುವ ಗಡ್ಡೆ ಯಾವುದು, ಹಬ್ಬಿದ್ದು ಯಾವುದು ಎಂದು ಕಣ್ಣಿಗೆ ಕಾಣುವಂತಾಯಿತು. ನ್ಯೂಯಾರ್ಕಿನ ಫ್ರೆಡ್ ಎಪ್‌ಸ್ಟೀನ್ ಅಂಥವರು ಮಕ್ಕಳಲ್ಲಿ ಅಂಚಿರುವ ಗಡ್ಡೆಗಳನ್ನು ತೆಗೆದು ತೋರಿಸಿದರು. ನನಗೆ ಹಾಕಿಕೊಂಡ ದಾರಿಗೂ ಇಂಥದ್ದೇ ಒಂದು ಕಥೆ ಇದೆ. ಮೊದಲು ನಾಲ್ಕನೇ ವೆಂಟ್ರಿಕಲ್ಲಿಗೆ ಹೋಗಲು ಕಿರುಮಿದುಳಿನ ನಡುಭಾಗವನ್ನೇ ಸೀಳುತ್ತಿದ್ದರು. ಕೆಲವರು, ಅದರಲ್ಲೂ ಮಕ್ಕಳು, ಆಮೇಲೆ ವಾರಗಟ್ಟಲೆ ಮಾತೇ ಆಡುತ್ತಿರಲಿಲ್ಲ. ಈಗ ಸಾಮಾನ್ಯವಾಗಿ ಸೀಳುವುದಿಲ್ಲ. ಕಿರುಮಿದುಳಿನ ಕೆಳಗಿನ ಎರಡು ತುದಿಗಳನ್ನು ಅತ್ತಿತ್ತ ಸರಿಸಿ, ಹಿಂದಿನ ತೆಳುಪೊರೆ ಬಿಡಿಸಿದರೆ ಕೋಣೆಯ ತಳ ಕಾಣುತ್ತದೆ. ಅಮೆರಿಕದ ಆಲ್ಬರ್ಟ್ ರೋಟನ್ ಎಂಬ ಶಸ್ತ್ರವೈದ್ಯರ ಬಳಗ ಮೃತದೇಹಗಳಲ್ಲಿ ಪೊರೆ ಪೊರೆ ಬಿಡಿಸಿ ನೋಡಿ ಈ ದಾರಿಯನ್ನು ವಿವರವಾಗಿ ಬರೆದಿಟ್ಟಿತು, ಟೀಲೋವೀಲರ್ ಅನ್ನುತ್ತಾರೆ.

ಆಪರೇಷನ್ ದಿನದ ಬಗ್ಗೆ ನನಗೆ ಗೊತ್ತಿರುವುದು ಬೇರೆಯವರು ಹೇಳಿದ್ದು. ಬೋರಲು ಮಲಗಿಸಿ, ತಲೆಗೆ ಮೂರು ಮೊಳೆಯ ಹಿಡಿಕೆ ಹಾಕಿ ಅಲುಗದಂತೆ ಮಾಡಿದ್ದರು. ಗಂಟಲಿನ ಉಸಿರುಕೊಳವೆಯಲ್ಲೇ ತಂತಿ ಇತ್ತು, ಧ್ವನಿತಂತುವಿನ ನರಕ್ಕೆ ಏನಾದರೂ ತಗುಲಿದರೆ ಪೆಟ್ಟಿಗೆಯಲ್ಲಿ ಕರಕರ ಸದ್ದು ಬರುವಂತೆ. ನಾಲಿಗೆಗೆ, ಕೈಗೆ, ಕಾಲಿಗೆ ಸೂಜಿಗಳು. ನಾಲಿಗೆಯ ಮೇಲಿನ ಚುಚ್ಚಿದ ಗುರುತು ನನಗೂ ಸಿಕ್ಕಿತು. ಗಡ್ಡೆಯನ್ನು ತಳದಿಂದ ಬಿಡಿಸುವಾಗ ನಾಡಿ ಇದ್ದಕ್ಕಿದ್ದಂತೆ ಇಳಿಯಿತಂತೆ. ಅರಿವಳಿಕೆಯ ಡಾಕ್ಟರು "ನಿಲ್ಸಿ" ಎಂದರೆ ಕೈ ನಿಲ್ಲಿಸುವುದು, ನಾಡಿ ಏರುವವರೆಗೆ ಕಾಯುವುದು, ಮತ್ತೆ ಶುರು ಮಾಡುವುದು, ಹೀಗೇ ಸಾಗಿತಂತೆ. ಹೊರಗೆ ಕೂತಿದ್ದ ಹೆಂಡತಿಗೆ ತಡವಾದದ್ದೆಲ್ಲ ಅದರಿಂದ. ಗಡ್ಡೆ ಇಡಿಯಾಗಿ ಬಂತು.

ಎಚ್ಚರವಾದಾಗ ಬಿಕ್ಕಳಿಕೆ ಇರಲಿಲ್ಲ. ಅದೊಂದು ಬಿಟ್ಟರೆ ಉಳಿದದ್ದೆಲ್ಲ ಮೊದಲಿಗಿಂತ ಕೆಟ್ಟಿತ್ತು, ಹೀಗಾಗುತ್ತದೆ ಎಂದು ಅವರು ಮೊದಲೇ ಹೇಳಿದ್ದರು. ಎಂಜಲೂ ನುಂಗಲಾಗದು. ಕೆಮ್ಮಲು ಬಲವಿಲ್ಲ. ಎಂಜಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಎಂದು ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಇಟ್ಟರು, ಮೂಗಿನಲ್ಲಿ ಹೊಟ್ಟೆಗೆ ಆಹಾರ ಬಿಡುವ ರೈಲ್ಸ್ ಟ್ಯೂಬ್. ಹೇಳಬೇಕಾದದ್ದನ್ನು ನಾನು ಸ್ಲೇಟಿನ ಮೇಲೆ ಬರೆಯುತ್ತಿದ್ದೆ. ಹೆಂಡತಿ ಸಿರಿಂಜಿನಲ್ಲಿ ಗಂಜಿ ಬಿಡುವುದನ್ನು ಕಲಿತಳು. ಬಿಡುವ ಮೊದಲು ಎಳೆದು ನೋಡುವುದು, ತಲೆದೆಸೆ ಎತ್ತರಿಸುವುದು, ಕೊನೆಗೆ ನೀರು ಹಾಕಿ ಟ್ಯೂಬ್ ತೊಳೆಯುವುದು. ನರ್ಸು ಒಂದು ಸಲ ತೋರಿಸಿದ್ದನ್ನು ಅವಳು ಆಮೇಲೆ ಪಕ್ಕದ ಹಾಸಿಗೆಯವರಿಗೂ ಕಲಿಸಿದಳು.

ನುಂಗುವುದನ್ನು ಕಲಿಸಲು ಒಬ್ಬ ಥೆರಪಿಸ್ಟ್ ಬರುತ್ತಿದ್ದರು. ಎಲ್ಲಕ್ಕಿಂತ ಸುಲಭದ್ದು ನೀರು ಎಂದುಕೊಂಡಿದ್ದೆ. ಎಲ್ಲಕ್ಕಿಂತ ಅಪಾಯ ಅದೇ. ತೆಳ್ಳಗಿರುವುದರಿಂದ ಗಂಟಲು ಸಿದ್ಧವಾಗುವ ಮೊದಲೇ ಓಡಿ ಉಸಿರಿನ ದಾರಿಗೆ ಇಳಿಯುತ್ತದೆ. ಮೊದಲು ಕೊಟ್ಟದ್ದು ಚಮಚದ ತುದಿಯಲ್ಲಿ ಗಟ್ಟಿ ಮೊಸರು. ಗದ್ದವನ್ನು ಎದೆಗೆ ಒತ್ತಬೇಕು, ನಾಲಿಗೆಯಿಂದ ಮೇಲಕ್ಕೆ ತಳ್ಳಬೇಕು, ಉಸಿರು ಹಿಡಿಯಬೇಕು, ನುಂಗಬೇಕು, ಮತ್ತೆ ಒಣ ಗುಟುಕು ನುಂಗಬೇಕು, ಆಮೇಲೆ ಕೆಮ್ಮಬೇಕು. ಒಂದು ಚಮಚಕ್ಕೆ ಇಷ್ಟು. ಅರ್ಧ ಬಟ್ಟಲು ಮುಗಿಯುವಷ್ಟರಲ್ಲಿ ಬೆವರಿಳಿದು ನಿದ್ದೆ ಬರುತ್ತಿತ್ತು. ಮೊಸರಿನಿಂದ ಗಟ್ಟಿ ರಾಗಿ ಗಂಜಿ, ಕಿವುಚಿದ ಬಾಳೆಹಣ್ಣು, ಮೆತ್ತಗಿನ ಅನ್ನ. ಊರಿಗೆ ಬಂದ ಮೇಲೆ ನೋಡಲು ಬಂದವರೆಲ್ಲ ತಿನ್ನಲು ಏನಾದರೂ ತರುವವರೇ. ಕೊನೆಯಲ್ಲಿ ದಕ್ಕಿದ್ದು ಮಂಡಕ್ಕಿ. ಒಣಗಿದ್ದು, ಚೂರಾಗುವುದು, ಬಾಯಲ್ಲಿ ಒಟ್ಟುಗೂಡದು, ಅಂಥದ್ದಕ್ಕೆ ಥೆರಪಿಸ್ಟ್ ಎಷ್ಟೋ ದಿನ ಒಪ್ಪಲಿಲ್ಲ. ದೋಸೆಗೆ ಅದಕ್ಕೂ ಮೊದಲೇ ಅನುಮತಿ ಸಿಕ್ಕಿತ್ತು, ಬೆಣ್ಣೆ ಜಾಸ್ತಿ ಇದ್ದಷ್ಟೂ ಒಳ್ಳೆಯದಂತೆ.

ಪೆಥಾಲಜಿ ರಿಪೋರ್ಟಿನಲ್ಲಿ ಹಿಮಾಂಜಿಯೋಬ್ಲಾಸ್ಟೋಮಾ ಎಂದೇ ಬಂತು. ಆಮೇಲೆ ಇನ್ನೊಂದು ಸುತ್ತು ಪರೀಕ್ಷೆ. ಈ ಗಡ್ಡೆ ಬರುವವರಲ್ಲಿ ಸುಮಾರು ಕಾಲು ಭಾಗ ಜನರಿಗೆ ಅದು ವಂಶದಿಂದ ಬಂದಿರುತ್ತದೆ, ವಾನ್ ಹಿಪ್ಪೆಲ್ ಲಿಂಡೌ ಎಂಬ ಕಾಯಿಲೆ. ಮೂರನೇ ಕ್ರೋಮೋಸೋಮಿನ ಒಂದು ಜೀನಿನ ದೋಷ, ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಕಣ್ಣಿನ ಪರದೆ, ಮೂತ್ರಪಿಂಡ, ಮೇದೋಜೀರಕ, ಬೆನ್ನುಹುರಿ ಎಲ್ಲ ಕಡೆ ಹುಡುಕುತ್ತಾರೆ. ಆಪರೇಷನ್ನಿಗೂ ಹೆದರದ ನಾನು ಈ ರಕ್ತದ ರಿಪೋರ್ಟಿಗೆ ಹೆದರಿದ್ದೆ, ಮನೆಯಲ್ಲಿ ಇಬ್ಬರು ಹುಡುಗಿಯರಿದ್ದಾರೆ. ನನ್ನಲ್ಲಿ ಆ ದೋಷ ಸಿಗಲಿಲ್ಲ.

ಈಗ ಕುತ್ತಿಗೆಯ ತೂತು ಮುಚ್ಚಿದೆ. ದನಿ ಸಂಜೆಯ ಹೊತ್ತಿಗೆ ಕುಗ್ಗುತ್ತದೆ, ಪಟ್ಟಿ ಓದುವ ಕೆಲಸವನ್ನು ಅಂಗಡಿಯ ಹುಡುಗನಿಗೆ ಬಿಟ್ಟಿದ್ದೇನೆ. ಎಡಗೈಗೆ ಬಿಸಿ ತಣ್ಣಗೆ ಸರಿಯಾಗಿ ತಿಳಿಯದು, ಅದು ಇನ್ನು ಹೀಗೇ ಇರಬಹುದು ಎಂದಿದ್ದಾರೆ. ವರ್ಷಕ್ಕೊಮ್ಮೆ ಎಂಆರ್‌ಐ.

ಸುದ್ದಿ ಹಬ್ಬಿ ಹರಿಹರ, ಜಗಳೂರು ಕಡೆಯಿಂದ ಫೋನು ಬರುತ್ತವೆ. "ಅಣ್ಣಾರೆ, ಕಾಂಡದಾಗೆ ಗಡ್ಡೆ ಅಂತಾರೆ, ತೆಗೀಬಹುದೇನ್ರಿ?" ಎಂದು ಎಲ್ಲರದೂ ಒಂದೇ ಪ್ರಶ್ನೆ. ನಾನು ತಿರುಗಿ ಕೇಳುವುದು ಎರಡು: ಕಾಂಡದಲ್ಲಿ ಎಲ್ಲಿ, ಮತ್ತು ಅದಕ್ಕೆ ಅಂಚು ಇದೆಯೋ ಇಲ್ಲವೋ. ಗೊತ್ತಿಲ್ಲ ಅನ್ನುತ್ತಾರೆ, ಯಾಕೆಂದರೆ ಕೈಯಲ್ಲಿರುವುದು ರಿಪೋರ್ಟಿನ ಒಂದು ಹಾಳೆ. ಹಾಳೆ ಸಾಲದು, ಸಿ.ಡಿ. ಕೇಳಿ ಇಸ್ಕೊಳ್ಳಿ, ಕಾಂಟ್ರಾಸ್ಟ್ ಹಾಕಿದ್ದಾರೋ ನೋಡಿ, ಹಾಕಿಲ್ಲದಿದ್ದರೆ ಅಲ್ಲಿ ಮತ್ತೆ ತೆಗೆಯಬೇಕಾಗಬಹುದು, ರೆಫರಲ್ ಚೀಟಿಗೆ ಹೋಗುವಾಗ ರೇಷನ್ ಕಾರ್ಡು, ಆಧಾರ್ ಎರಡರದ್ದೂ ಜೆರಾಕ್ಸ್ ಇರಲಿ ಅನ್ನುತ್ತೇನೆ. ಹೋದ ವಾರ ಫೋನ್ ಮಾಡಿದ್ದವರ ಸಿ.ಡಿ.ಯನ್ನು ನಮ್ಮ ಊರಿನ ಅದೇ ಡಾಕ್ಟರಿಗೆ ತೋರಿಸಿ ಬಂದೆವು. ಗಡ್ಡೆ ಪಾನ್ಸಿನ ಹಿಂಬದಿಯಿಂದ ವೆಂಟ್ರಿಕಲ್ಲಿನೊಳಕ್ಕೆ ಉಬ್ಬಿದೆ, ಅಂಚು ಚೊಕ್ಕವಾಗಿದೆ ಎಂದರು. ಅವರು ಸೋಮವಾರ ಬೆಂಗಳೂರಿಗೆ ಹೊರಟಿದ್ದಾರೆ, ಜೊತೆಗೆ ತಮ್ಮನನ್ನು ಕಳಿಸುತ್ತಿದ್ದೇನೆ. ಓಪಿಡಿಯ ಸಾಲು ಎಲ್ಲಿ ಹಚ್ಚಬೇಕು ಅನ್ನುವುದು ಅವನಿಗೆ ಗೊತ್ತು.